ಐದು ಸ್ಟಾರ್ ಕೊಟ್ಟವನು ನಾನೇ

ನಮ್ಮ ಕಾರಿನ ಬಾನೆಟ್ ಮೇಲೆ ಅಂಗೈ ಅಗಲದ ಒಂದು ಮಂಕು ಕಲೆ ಇದೆ. ಇತ್ತು ಎನ್ನಬೇಕು, ಕಾರು ಈಗ ನಮ್ಮದಲ್ಲ. ಆ ಕಲೆ ಮಾಡಿದ್ದು ಯಾವ ಲಾರಿಯೂ ಅಲ್ಲ, ಬೀದಿಯ ಹುಡುಗರೂ ಅಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ, ಮೆಟೀರಿಯಲ್ ಸೈನ್ಸ್ ಪರೀಕ್ಷೆಯಲ್ಲಿ ಬ್ರಿನೆಲ್, ರಾಕ್‌ವೆಲ್, ವಿಕರ್ಸ್ ಎಂದು ಮೂರು ಪುಟ ಬರೆದು ಒಳ್ಳೆಯ ಅಂಕ ತೆಗೆದ ನಾನು. ಕಾರಿಗೆ ಹೊಳಪು ಕೊಡುತ್ತೇವೆ ಎನ್ನುವ ಬಾಟಲಿಗಳನ್ನು ನಂಬಿ ನಾನು ಮಾಡಿದ ಆ ಕಲೆಗೆ ನಮ್ಮಪ್ಪ ತೆತ್ತ ಬೆಲೆ 20 ಸಾವಿರ ರೂಪಾಯಿ.

ನಮ್ಮೂರು ಶಿರಾ ತಾಲ್ಲೂಕಿನಲ್ಲಿದೆ. ಅಪ್ಪನದು ಹಿಟ್ಟಿನ ಗಿರಣಿ. 2019ರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಂದ ಕಡುನೀಲಿ ಬಣ್ಣದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದರು. ಅದು 2014ರ ಮಾಡೆಲ್. ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಮಧ್ಯರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಊರಿನವರು ಮೊದಲು ತಟ್ಟುತ್ತಿದ್ದುದು ನಮ್ಮ ಮನೆ ಬಾಗಿಲು. ಈ ವರ್ಷ ನನ್ನ ಐದನೇ ಸೆಮಿಸ್ಟರಿನ ಫೀಸು, ತಂಗಿಯ ಪಿಯುಸಿ ಅಡ್ಮಿಷನ್, ಗಿರಣಿಯ ಸುಟ್ಟುಹೋದ ಮೋಟಾರು ಎಲ್ಲ ಒಟ್ಟಿಗೆ ಬಂದವು. 'ಗಾಡಿ ಇನ್ನೊಂದ್ ತಗೋಬೋದು ಬಿಡು' ಎಂದು ಅಪ್ಪ ಮಾರಲು ನಿಂತರು. ಶಿರಾದವರೇ ಒಬ್ಬರು ಫೋನಿನಲ್ಲಿ 2 ಲಕ್ಷ 35 ಸಾವಿರಕ್ಕೆ ಒಪ್ಪಿ, ಜೂನ್ ಕೊನೆಗೆ ಬಂದು ನೋಡುತ್ತೇವೆ ಎಂದರು.

ನನಗೆ ರಜೆ ಇತ್ತು. ಕಾರಿನ ಮೇಲೆ ನಮ್ಮ ಹಿತ್ತಲಿನ ಹುಣಸೆ ಕೊಂಬೆ ಎಳೆದ ಒಂದೆರಡು ಗೀರು ಬಿಟ್ಟರೆ ದೊಡ್ಡ ಊನವೇನೂ ಇರಲಿಲ್ಲ. ಬಣ್ಣ ಮಾಸಿತ್ತು, ಹೆಡ್‌ಲೈಟು ಹಳದಿಗಟ್ಟಿತ್ತು. 'ಎರಡು ವಾರ ಟೈಮ್ ಕೊಡಪ್ಪ, ಶೋರೂಮಿಂದ ಈಗ ತಾನೇ ಇಳಿಸಿದಂಗೆ ಮಾಡ್ತೀನಿ. ಇನ್ನೂ ಹತ್ತು ಸಾವಿರ ಜಾಸ್ತಿ ಕೇಳ್ಬೋದು' ಎಂದೆ. ಅಪ್ಪ ಮಾತಾಡದೆ ಫೋನ್ ತೆಗೆದು ದುಡ್ಡು ಹಾಕಿದರು.

ಕಾರು ತೊಳೆದು ಒರೆಸುವುದಕ್ಕೆ ಈಗ 'ಡೀಟೇಲಿಂಗ್' ಎಂಬ ಹೆಸರು ಬಂದಿದೆ. ಹೆಸರು ದೊಡ್ಡದಾದಷ್ಟೂ ಬಾಟಲಿಗಳೂ ಹೆಚ್ಚಿವೆ. ನಾನು ತರಿಸಿದ್ದು ಆರು ಬಗೆ: ಗೀರು ಅಳಿಸುವ ಪೇಸ್ಟ್, ಸೆರಾಮಿಕ್ ಸ್ಪ್ರೇ, ಹೆಡ್‌ಲೈಟ್ ಕಿಟ್, ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್, ಮತ್ತು ಡ್ರಿಲ್ಲಿಂಗ್ ಮಷೀನಿಗೆ ಸಿಕ್ಕಿಸುವ ಪ್ಯಾಡುಗಳ ಜೊತೆಗೆ ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್. ಒಟ್ಟು ₹2,140. ಎಲ್ಲದರ ಮೇಲೂ ಅರ್ಧ ಕೊಳೆ ಅರ್ಧ ಕನ್ನಡಿಯಾದ ಕಾರಿನ ಚಿತ್ರ. ಪೇಸ್ಟಿನ ಪೆಟ್ಟಿಗೆಯೊಳಗೆ ಇನ್ನೊಂದು ಪುಟ್ಟ ಕಾರ್ಡು. ಐದು ಸ್ಟಾರ್ ಕೊಟ್ಟು ರಿವ್ಯೂ ಬರೆದು, ಅದರ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ₹100 ವಾಪಸ್.

ಮೊದಲ ದಿನವೇ ಪವಾಡ ನಡೆಯಿತು. ಬಾನೆಟ್ ಮೇಲಿನ ಹುಣಸೆ ಗೀರಿಗೆ ಪೇಸ್ಟ್ ಹಚ್ಚಿ ಉಜ್ಜಿ ಒರೆಸಿದೆ. ಗೀರು ಮಾಯ! ಅಮ್ಮನನ್ನು ಕರೆದು ತೋರಿಸಿದೆ. ತಂಗಿ ಫೋಟೊ ತೆಗೆದಳು. ಅಲ್ಲೇ ಜಗಲಿ ಮೇಲೆ ಕೂತು 'ಸೂಪರ್ ಪ್ರಾಡಕ್ಟ್, ಕೊಟ್ಟ ದುಡ್ಡಿಗೆ ಮೋಸವಿಲ್ಲ' ಎಂದು ಬರೆದು ಐದು ಸ್ಟಾರ್ ಒತ್ತಿದೆ. ಎರಡನೇ ದಿನಕ್ಕೆ ₹100 ಬಂತು. ನನ್ನ ಸ್ಕಾಲರ್‌ಶಿಪ್ ಯಾವತ್ತೂ ಅಷ್ಟು ಬೇಗ ಬಂದಿಲ್ಲ.

ನಾಲ್ಕನೇ ದಿನ ಕಾರು ತೊಳೆದೆ. ಏಳನೇ ದಿನ ಇನ್ನೊಮ್ಮೆ ತೊಳೆದೆ. ಬಿಸಿಲಿಗೆ ಒಣಗಿದಾಗ ನೋಡಿದರೆ ಗೀರು ಅದೇ ಜಾಗದಲ್ಲಿ, ಅದೇ ಉದ್ದ, ಅದೇ ಆಳದಲ್ಲಿ ಮಲಗಿತ್ತು.

ಇದು ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಮನೆಯ ಮುಂದಿನ ಕಡಪ ಕಲ್ಲಿಗೆ ನೀರು ಚೆಲ್ಲಿ ನೋಡಿ. ಬೂದು ಬಣ್ಣಕ್ಕಿದ್ದ ಕಲ್ಲು ಕಪ್ಪಗೆ ಮಿರಮಿರ ಮಿಂಚುತ್ತದೆ. ನೀರು ಆರಿದರೆ ಮತ್ತೆ ಬೂದು. ಕಲ್ಲಿನ ಮೈಯಲ್ಲಿರುವ ಸಣ್ಣಸಣ್ಣ ಉಬ್ಬುತಗ್ಗುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತಿರುತ್ತವೆ. ನೀರು ತಗ್ಗುಗಳನ್ನು ತುಂಬಿ ಮೈಯನ್ನು ಸಮ ಮಾಡಿದಾಗ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಅದೇ ನಮಗೆ ಹೊಳಪು. ನೀರಿನ ಬದಲು ಎಣ್ಣೆ ಸವರಿದರೆ ಹೊಳಪು ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ನಮ್ಮೂರ ಹನುಮಪ್ಪನಿಗೆ ಶನಿವಾರ ಎಣ್ಣೆ ಸವರಿದ ಮೇಲೆ ನೋಡಬೇಕು. ಗೀರು ಅಳಿಸುತ್ತೇವೆ ಎನ್ನುವ ಎಷ್ಟೋ ಪೇಸ್ಟುಗಳಲ್ಲಿ ಸ್ವಲ್ಪ ಉಜ್ಜುಪುಡಿ, ಉಳಿದಂತೆ ಎಣ್ಣೆ, ಮೇಣ, ಸಿಲಿಕೋನ್. ಅವು ಗೀರನ್ನು ತೆಗೆಯುವುದಿಲ್ಲ, ತುಂಬುತ್ತವೆ. ಶಾಂಪೂ ಬಿದ್ದಾಗ ತುಂಬಿದ್ದು ಹೊರಗೆ ಹೋಗುತ್ತದೆ.

ಈ ವ್ಯಾಪಾರದ ಗುಟ್ಟು ಇದೇ ಇರಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಹೊಳಪು ಹಚ್ಚಿದ ಗಳಿಗೆಯಲ್ಲೇ ಕಾಣುತ್ತದೆ, ಬಾಳಿಕೆ ಕಾಣಲು ತಿಂಗಳುಗಳು ಬೇಕು. ನಾವು ರಿವ್ಯೂ ಬರೆಯುವುದು ಹಚ್ಚಿದ ಗಳಿಗೆಯಲ್ಲಿ. ಕಡಪ ಕಲ್ಲು ಒದ್ದೆಯಾಗಿರುವಾಗಲೇ ಅದಕ್ಕೆ ಮಾರ್ಕ್ಸ್ ಹಾಕಿಬಿಡುತ್ತೇವೆ.

ಗೀರು ಮರಳಿ ಬಂದಾಗಲಾದರೂ ನಾನು ನಿಲ್ಲಬೇಕಿತ್ತು. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ ಎಂಬ ಸರಳ ಲೆಕ್ಕ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಟ ಬಿಡುತ್ತಿರಲಿಲ್ಲವೇನೋ. ಗಿರಣಿಯಿಂದ ಡ್ರಿಲ್ಲಿಂಗ್ ಮಷೀನ್ ತಂದು, ಪ್ಯಾಡ್ ಸಿಕ್ಕಿಸಿ, ಕಾಂಪೌಂಡ್ ಬಳಿದು ಒತ್ತಿ ಹಿಡಿದೆ. ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಹೊಳೆಯುವುದೂ ಅದೇ, ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಬಾನೆಟ್ಟಿನ ಅಂಚು, ಮಡಿಕೆಗಳ ಮೇಲೆ ಇನ್ನೂ ತೆಳು. ನಾನು ಒತ್ತಿ ಹಿಡಿದದ್ದು ಸರಿಯಾಗಿ ಅಂಥ ಒಂದು ಮಡಿಕೆಯ ಮೇಲೆ. ಡ್ರಿಲ್ಲಿಂಗ್ ಮಷೀನು ಇರುವುದು ತೂತು ಕೊರೆಯಲು, ಅದರ ವೇಗವೂ ಬಿಸಿಯೂ ಪಾಲಿಶ್ ಕೆಲಸಕ್ಕೆ ಹೇಳಿದ್ದಲ್ಲ. ಪೆಟ್ಟಿಗೆಯ ಮೇಲೆ ಮಾತ್ರ 'ಯಾವ ಡ್ರಿಲ್ಲಿಗಾದರೂ ಸರಿ, ಐದೇ ನಿಮಿಷದಲ್ಲಿ ಹೊಸ ಕಾರು' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ಐದು ನಿಮಿಷ ಬೇಕಾಗಲಿಲ್ಲ. ಎರಡನೇ ನಿಮಿಷಕ್ಕೇ ಪ್ಯಾಡಿನ ಮೇಲೆ ನೀಲಿ ಬಣ್ಣ ಕಂಡಿತು. ಬಣ್ಣ ಪ್ಯಾಡಿಗೆ ಬಂದಿದೆ ಎಂದರೆ ಅದರ ಮೇಲಿದ್ದ ಕ್ಲಿಯರ್ ಕೋಟ್ ಮುಗಿದಿದೆ ಎಂದೇ ಅರ್ಥ.

ಆ ಮಂಕು ಕಲೆಯ ಮೇಲೆ ನಾನು ಹಚ್ಚಿದ್ದು ಸೆರಾಮಿಕ್ ಸ್ಪ್ರೇ. ಸಂಜೆ ಬೆಳಕಿನಲ್ಲಿ, ಇನ್ನೂ ಹಸಿಯಿರುವಾಗ ಕಲೆ ಮುಚ್ಚಿದಂತೆ ಕಂಡಿತು. ಬೆಳಿಗ್ಗೆ ಬಿಸಿಲು ಬಂದಾಗ ಕಲೆಯೂ ಬಂತು.

ಈ ಸೆರಾಮಿಕ್ ಬಾಟಲಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನನ್ನ ಓದಿಗೆ ಅವಮಾನ ಮಾಡಿದ್ದು ಅದೇ. ಅದರ ಮೇಲೆ ದಪ್ಪ ಅಕ್ಷರದಲ್ಲಿ '9ಎಚ್ ಗಡಸುತನ', ಪಕ್ಕದಲ್ಲಿ ಒಂದು ವಜ್ರದ ಚಿತ್ರ. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿ ನಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತು. ಟಾಲ್ಕ್ ಒಂದು, ವಜ್ರ ಹತ್ತು. ಒಂಬತ್ತು ಎಂದರೆ ಮಾಣಿಕ್ಯ, ನೀಲಮಣಿಗಳ ಸ್ಥಾನ. 9 ಎಂಬ ಅಂಕಿ, ಪಕ್ಕದಲ್ಲಿ ವಜ್ರ. ನನ್ನ ತಲೆ ತಾನೇ ಲೆಕ್ಕ ಹಾಕಿತು: ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ!

ಆದರೆ 9ಎಚ್‌ನ 'ಎಚ್' ಮೋಸ್ ಪಟ್ಟಿಯದಲ್ಲ, ಪೆನ್ಸಿಲಿನದು. ಫಸ್ಟ್ ಇಯರಿನಲ್ಲಿ ಡ್ರಾಯಿಂಗ್ ಹಾಲಿಗೆ ಹೊತ್ತೊಯ್ಯುತ್ತಿದ್ದೆವಲ್ಲ, ಎಚ್‌ಬಿ, 2ಎಚ್, ಅದೇ ಪೆನ್ಸಿಲು. ಬಣ್ಣದ ಪದರದ ಗಡಸುತನ ನೋಡಲು ಕಾರ್ಖಾನೆಗಳಲ್ಲಿ ಒಂದು ಸುಲಭದ ಪರೀಕ್ಷೆಯಿದೆ. ಮೆತ್ತನೆಯ 6ಬಿಯಿಂದ ಗಟ್ಟಿಯಾದ 9ಎಚ್‌ವರೆಗಿನ ಪೆನ್ಸಿಲುಗಳನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು ಪದರದ ಮೇಲೆ ತಳ್ಳುತ್ತಾರೆ. ಗೀರು ಬೀಳದ ಅತಿ ಗಟ್ಟಿ ಪೆನ್ಸಿಲಿನ ಹೆಸರೇ ಆ ಪದರದ ಅಂಕ. 9ಎಚ್ ಎಂದರೆ ಆ ಡಬ್ಬಿಯ ಕೊನೆಯ ಪೆನ್ಸಿಲು, ಅಷ್ಟೇ. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣು. ನಮ್ಮ ರಸ್ತೆಯ ಮರಳಿನಲ್ಲಿ ಹೇರಳವಾಗಿರುವ ಕ್ವಾರ್ಟ್ಜ್ ಮೋಸ್ ಪಟ್ಟಿಯಲ್ಲಿ 7. ಪೆನ್ಸಿಲುಗಳನ್ನೆಲ್ಲ ಗೆದ್ದ ಪದರ, ಹಳೇ ಬನಿಯನ್ನಿನಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣಕ್ಕೆ ಸೋಲಬಹುದು. ಇಷ್ಟು ತೆಳುವಾದ ಪದರದ ಅಂಕ ಅದರ ಕೆಳಗಿನ ತಳವನ್ನೂ ಅವಲಂಬಿಸಿರುತ್ತದೆ. ಗಾಜಿನ ಮೇಲೆ ಹಚ್ಚಿ ತೆಗೆದ ಅಂಕ ಕಾರಿನ ಬಣ್ಣದ ಮೇಲೂ ಬರುತ್ತದೆ ಎಂದು ಹೇಳಲಾಗದು. ಬಾಟಲಿಯವರು ಸುಳ್ಳು ಬರೆದಿದ್ದಾರೆಯೇ? ಬಹುಶಃ ಇಲ್ಲ. ಅರ್ಧ ನಿಜದ ಪಕ್ಕದಲ್ಲಿ ಒಂದು ವಜ್ರ ಇಟ್ಟಿದ್ದಾರೆ. ಉಳಿದರ್ಧವನ್ನು ನಾನೇ ತುಂಬಿಕೊಂಡೆ.

ಸೆರಾಮಿಕ್ ಕೋಟಿಂಗ್ ಎಂಬುದೇ ಬೋಗಸ್ ಎಂದು ನಾನು ಹೇಳುತ್ತಿಲ್ಲ. ನಗರದ ಡೀಟೇಲಿಂಗ್ ಅಂಗಡಿಗಳಲ್ಲಿ ಅಚ್ಚುಕಟ್ಟಾಗಿ ಮಾಡುವ ಕೋಟಿಂಗ್‌ಗೆ ದಿನಗಟ್ಟಲೆ ಶ್ರಮವಿದೆ. ತೊಳೆದು, ಕ್ಲೇ ಉಜ್ಜಿ ಅಂಟಿದ ಕೊಳೆ ತೆಗೆದು, ಬಣ್ಣವನ್ನು ಪಾಲಿಶ್ ಮಾಡಿ, ಎಣ್ಣೆ ಪಸೆ ಒರೆಸಿ, ಆಮೇಲೆ ಹಚ್ಚಿ ಗಟ್ಟಿಯಾಗಲು ಬಿಡುತ್ತಾರೆ. ಕಣ್ಣಿಗೆ ಕಾಣುವ ಹೊಳಪಿನಲ್ಲಿ ದೊಡ್ಡ ಪಾಲು ಆ ಪಾಲಿಶ್‌ದೇ. ಕೋಟಿಂಗ್ ಅದನ್ನು ಕಾಪಾಡುತ್ತದೆ, ಕೊಳೆ ಬೇಗ ಅಂಟದಂತೆ ನೋಡಿಕೊಳ್ಳುತ್ತದೆ. ಅದೂ ಹೈವೇಯಲ್ಲಿ ಸಿಡಿಯುವ ಜಲ್ಲಿಯನ್ನು ತಡೆಯುವುದಿಲ್ಲ. ಸ್ಪ್ರೇ ಬಾಟಲಿ ಆ ಕೆಲಸದ ಹೆಸರನ್ನು ಮಾತ್ರ ಎರವಲು ಪಡೆದಿದೆ, ಶ್ರಮವನ್ನಲ್ಲ.

ನೀರಿನ ಕಥೆ ಇನ್ನೊಂದು. ಸ್ಪ್ರೇ ಹಚ್ಚಿದ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಗಳಂತೆ ಗುಂಡಗೆ ಉರುಳುವುದನ್ನು ಎಲ್ಲ ಜಾಹೀರಾತುಗಳೂ ತೋರಿಸುತ್ತವೆ. ನೋಡಲು ಚೆಂದವೇ. ಆದರೆ ನಮ್ಮ ಕಡೆಯದು ಬೋರ್‌ವೆಲ್ ನೀರು. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿಸುತ್ತಾರೆ. ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುವವರೆಗೆ ಹನಿ ಹನಿ ಬಿಡುವ ಆ ಪ್ರಯೋಗ ಓದಿದವರಿಗೆಲ್ಲ ನೆನಪಿರುತ್ತದೆ. ಕುತೂಹಲಕ್ಕೆ ಊರಿನಿಂದ ಒಂದು ಬಾಟಲಿ ನೀರು ಒಯ್ದಿದ್ದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮೂರ ನೀರು 600 ದಾಟಿತ್ತು. ಅಂಥ ನೀರು ಕಾರಿನ ಮೇಲೆ ಹನಿಯಾಗಿ ನಿಂತು ಬಿಸಿಲಿಗೆ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರ ಉಳಿಯುತ್ತದೆ. ನಮ್ಮ ಬಕೆಟ್ಟಿಗೆ, ಸೋಲಾರ್ ಪೈಪಿಗೆ ಕಟ್ಟುವ ಅದೇ ಬಿಳಿ ಕಟ್ಟು. ಸ್ಪ್ರೇ ಹಚ್ಚಿ ನಾನು ನೆರಳಿನಲ್ಲಿ ಒರೆಸದೆ ಬಿಟ್ಟ ದಿನ ಕಾರಿನ ಮೈತುಂಬ ಸಿಡುಬು ಎದ್ದಂತಿತ್ತು. ನೀರು ಉರುಳಿಹೋದರೆ ಸರಿ, ಉರುಳದೆ ನಿಂತ ಹನಿ ಎಲ್ಲಿಗೆ ಹೋಗಬೇಕು ಎಂದು ಬಾಟಲಿ ಹೇಳಿರಲಿಲ್ಲ.

ಹೆಡ್‌ಲೈಟ್ ಕಿಟ್ ಮಾತ್ರ ಸ್ವಲ್ಪ ಮಟ್ಟಿಗೆ ಮಾತು ಉಳಿಸಿಕೊಂಡಿತು. ಹಳದಿ ಹೋಗಿ ಗಾಜು ತಿಳಿಯಾಯಿತು. ಗಾಜು ಎನ್ನುವುದು ರೂಢಿ, ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣ ತಾಗದಂತೆ ಫ್ಯಾಕ್ಟರಿಯಲ್ಲೇ ಅದಕ್ಕೊಂದು ಪದರ ಕೊಟ್ಟಿರುತ್ತಾರೆ. ಆ ಪದರ ಕೆಟ್ಟಾಗ ಹಳದಿಯಾಗುತ್ತದೆ. ಕಿಟ್ಟಿನಿಂದಾಗಲಿ, ಹಲವರು ಮಾಡುವಂತೆ ಟೂತ್‌ಪೇಸ್ಟಿನಿಂದಾಗಲಿ ಉಜ್ಜಿದರೆ ಕೆಟ್ಟ ಪದರದ ಜೊತೆಗೆ ಉಳಿದ ರಕ್ಷಣೆಯೂ ಹೋಗುತ್ತದೆ. ಮೇಲೆ ಮತ್ತೊಂದು ಯುವಿ ಪದರ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ. ನನ್ನ ಕಿಟ್ಟಿನಲ್ಲಿ ಅಂಥದ್ದೇನೂ ಇರಲಿಲ್ಲ. ಮಾರುವ ಕಾರಿಗೆ ಯಾರು ಅದನ್ನೆಲ್ಲ ಯೋಚಿಸುತ್ತಾರೆ ಎಂದುಕೊಂಡೆ. ಈಗ ಬರೆಯುವಾಗ ಆ ಯೋಚನೆಗೆ ನಾಚಿಕೆಯಾಗುತ್ತದೆ, ರಾತ್ರಿ ಆ ದೀಪದ ಬೆಳಕಿನಲ್ಲಿ ಓಡಿಸುವವರು ಇನ್ನೊಬ್ಬರು. ಟೈರ್ ಪಾಲಿಶ್ ಮೊದಲ ಮಳೆಗೇ ಹೋಯಿತು. ಡ್ಯಾಶ್‌ಬೋರ್ಡ್ ಪಾಲಿಶ್ ಹೋಗಲೇ ಇಲ್ಲ. ಅಂಟಂಟಾಗಿ ಉಳಿದು, ಬಿಸಿಲಿನಲ್ಲಿ ಮುಂದಿನ ಗಾಜಿಗೆ ಪ್ರತಿಫಲಿಸಿ, ಗಿರಣಿಯ ಹಿಟ್ಟಿನ ಧೂಳನ್ನೆಲ್ಲ ಹಿಡಿದಿಟ್ಟುಕೊಂಡಿತು. 'ಇದೇನೋ ಬೆಲ್ಲದ ಪಾಕ ಹಚ್ಚಿದೀಯ' ಎಂದರು ಅಪ್ಪ.

ಜೂನ್ ಕೊನೆಯ ಭಾನುವಾರ ಕೊಳ್ಳುವವರು ಬಂದರು. ಜೊತೆಗೆ ಅವರಿಗೆ ಗೊತ್ತಿದ್ದ ಒಬ್ಬ ಮೆಕ್ಯಾನಿಕ್. ಇಂಜಿನ್ ಸದ್ದು ಕೇಳಿದರು, ಕ್ಲಚ್ ನೋಡಿದರು, ಸರಿ ಎಂದರು. ಮೆಕ್ಯಾನಿಕ್ ಬಾನೆಟ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿದರು. ಯಂತ್ರವಿಲ್ಲ, ಮೀಟರಿಲ್ಲ, ಬೆರಳಿನಿಂದ ಒಮ್ಮೆ ಸವರಿದರು. 'ಇಲ್ಲಿ ಕೆಲಸ ಆಗದೆ ಸಾರ್. ಮುಂದೆ ಏಟು ಬಿದ್ದಿರ್ಬೇಕು' ಎಂದರು.

'ಏಟಲ್ಲ ಸಾಮಿ. ನಮ್ಮ ಹುಡುಗ ಪಾಲಿಶ್ ಮಾಡಕ್ಕೋಗಿ ಹಿಂಗಾಯ್ತು' ಎಂದರು ಅಪ್ಪ.

'ಹುಡುಗ ಏನ್ ಮಾಡ್ತಾನೆ?'

'ಇಂಜಿನಿಯರಿಂಗ್ ಓದ್ತಾವ್ನೆ. ಮೆಕ್ಯಾನಿಕಲ್ಲು.'

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಆದರೆ ನಂಬದ ನಗು. ಅಪಘಾತವಾದ ಕಾರನ್ನು ಮಾರುವವರು ಇನ್ನೇನು ಹೇಳುತ್ತಾರೆ? ಹತ್ತು ವರ್ಷಕ್ಕೂ ಮೀರಿದ ಕಾರಿನ ಮೇಲೆ ಹುಣಸೆ ಗೀರು ಹಾಗೇ ಇದ್ದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಮುಚ್ಚಲು ಹೋದದ್ದರಿಂದ, ಮುಚ್ಚುವಂಥದ್ದು ಏನೋ ಇತ್ತು ಎಂಬ ಅನುಮಾನ ಹುಟ್ಟಿತು. ಅನುಮಾನದ ಬೆಲೆ 20 ಸಾವಿರ. 2 ಲಕ್ಷ 15 ಸಾವಿರಕ್ಕೆ ಕೀ ಕೈ ಬದಲಾಯಿತು. ಅಪ್ಪ ನನಗೆ ಒಂದು ಮಾತೂ ಆಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, 'ಹಾಸ್ಟೆಲ್ ಫೀಸ್ ಎರಡು ಕಂತಲ್ಲಿ ಕಟ್ಬೋದಾ ಕೇಳು' ಎಂದರು, ಅಷ್ಟೇ.

ಹಾಸ್ಟೆಲಿಗೆ ಮರಳಿದ ಮೇಲೆ ನನಗೆ ನಿದ್ದೆ ಬರದಂತೆ ಮಾಡಿದ್ದು ಆ ನಗು. ಆಗಸ್ಟಿನಲ್ಲಿ ಹಾಸ್ಟೆಲ್ ಹಿಂದಿನ ಗ್ಯಾರೇಜಿನಿಂದ ಒಂದು ಗುಜರಿ ಬಾನೆಟ್ ಕೇಳಿ ತಂದೆವು, ನಾನು ಮತ್ತು ರೂಮ್‌ಮೇಟ್. ಟೇಪು ಅಂಟಿಸಿ ಮೂರು ಪಾಲು ಮಾಡಿದೆವು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಉಳಿದಿದ್ದ ಸೆರಾಮಿಕ್ ಸ್ಪ್ರೇ, ಇನ್ನೊಂದಕ್ಕೆ ಹಳೇ ಕಾಲದ ಡಬ್ಬಿ ಮೇಣ. ಬ್ರೆಜಿಲ್ ದೇಶದ ಒಂದು ಬಗೆಯ ತಾಳೆ ಮರದ ಎಲೆಯಿಂದ ತೆಗೆಯುವ ಕಾರ್ನೂಬಾ ಮೇಣ ಇರುವಂಥದ್ದು. ಟೆರೇಸಿನಲ್ಲಿಟ್ಟು ವಾರಕ್ಕೊಮ್ಮೆ ಮೂರನ್ನೂ ಒಂದೇ ಶಾಂಪೂವಿನಿಂದ ತೊಳೆದು, ನೀರು ಚೆಲ್ಲಿ ಫೋಟೊ ತೆಗೆದೆವು. ಮೊದಲ ದಿನ ಗೆದ್ದದ್ದು ಸ್ಪ್ರೇ, ಅನುಮಾನವೇ ಇಲ್ಲ. ಮೂರನೇ ವಾರಕ್ಕೆ ಸ್ಪ್ರೇ ಹಚ್ಚಿದ ಪಾಲಿಗೂ ಏನೂ ಹಚ್ಚದ ಪಾಲಿಗೂ ನೀರು ಹರಿಯುವುದರಲ್ಲಿ ವ್ಯತ್ಯಾಸ ಹೇಳಲಾಗಲಿಲ್ಲ. ಮೇಣ ಇನ್ನೊಂದು ವಾರ ಎಳೆಯಿತು. ಬಾಟಲಿಯ ಮೇಲಿದ್ದುದು '3 ವರ್ಷ'. ಒಂದೇ ಬಾನೆಟ್ಟಿನಿಂದ ವಿಜ್ಞಾನ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ಹಚ್ಚುವುದರಲ್ಲಿ ನಮ್ಮದೇ ತಪ್ಪಿರಬಹುದು. ಆದರೆ ಆ ಮೂರು ವರ್ಷ ಯಾವ ಬಿಸಿಲಿನಲ್ಲಿ, ಯಾವ ನೀರಿನಲ್ಲಿ, ಎಷ್ಟು ತೊಳೆತದಲ್ಲಿ ಬಂತು ಎಂದು ಬಾಟಲಿಯವರು ಒಂದು ಸಾಲೂ ಬರೆದಿಲ್ಲ. ನಮ್ಮದು ಒಂದು ಬಾನೆಟ್ಟಾದರೂ ಇದೆಯಲ್ಲ.

ಕಾನೂನು ಇಲ್ಲ ಎನ್ನುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿ ಇನ್ನೂ ಸ್ಪಷ್ಟ: ಜಾಹೀರಾತಿನಲ್ಲಿ ಷರತ್ತು ಹೇಳುವುದಿದ್ದರೆ ಘೋಷಣೆ ಯಾವ ಭಾಷೆಯಲ್ಲಿ, ಯಾವ ಅಕ್ಷರದಲ್ಲಿದೆಯೋ ಅದರಲ್ಲೇ ಹೇಳಬೇಕು. ಅದೇ ವರ್ಷ ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನಕ ತಂದಿತು. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಸಲ್ಲದು ಎಂಬುದು ಅದರ ಆಶಯ. ಆದರೆ ಬಂದಾಗ ಅದನ್ನು ಪಾಲಿಸುವುದನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟರು. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯಾಜ್ಯಕ್ಕೆ ಶುಲ್ಕವೂ ಇಲ್ಲ. ಆದರೂ ₹499ರ ಬಾಟಲಿಗಾಗಿ ಶಿರಾದಿಂದ ತುಮಕೂರಿಗೆ ಅಲೆಯುವವರು ಯಾರು? ಮಾರುವವರಿಗೂ ಅದು ಗೊತ್ತು. ಒಬ್ಬೊಬ್ಬರಿಗೂ ಆಗುವ ನಷ್ಟ ಸಣ್ಣದಾದ್ದರಿಂದಲೇ ಈ ವ್ಯಾಪಾರ ದೊಡ್ಡದಾಗಿ ನಡೆಯುತ್ತದೆ.

ಕನ್ನಡದ ಮಾತನ್ನೂ ಇಲ್ಲಿ ಸೇರಿಸಲೇಬೇಕು. ನಮ್ಮ ಆರು ಡಬ್ಬಿಗಳಲ್ಲಿ ಒಂದರ ಮೇಲೂ ಒಂದಕ್ಷರ ಕನ್ನಡ ಇರಲಿಲ್ಲ. 'ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ' ಎಂಬ ಎಚ್ಚರಿಕೆ ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ನಾನೇ ಓದಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ವಾಟರ್ ಸರ್ವಿಸ್‌ನಲ್ಲಿ ದಿನಕ್ಕೆ ಹತ್ತಾರು ಗಾಡಿ ತೊಳೆಯುವ ಹುಡುಗರು ಅದನ್ನು ಹೇಗೆ ಓದಬೇಕು? ಅವರ ಕೈಯಲ್ಲಿರುವುದು ಬೇರೆಯವರ ಗಾಡಿ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ನ್ಯಾಯಕ್ಕೆ. ಇದೇ ಅಂಗಡಿಗಳಲ್ಲಿ ಸಿಗುವ, ಯಾರೂ ಹೆಚ್ಚು ಹೊಗಳದ ಎರಡು ವಸ್ತುಗಳು ನಿಜಕ್ಕೂ ಕೆಲಸ ಮಾಡುತ್ತವೆ: ಬಟ್ಟೆ ಒಗೆಯುವ ಪುಡಿಯ ಬದಲಿಗೆ ಕಾರಿನ ಶಾಂಪೂ, ಬನಿಯನ್ನಿನ ಬದಲಿಗೆ ಒಳ್ಳೆಯ ಮೈಕ್ರೋಫೈಬರ್ ಬಟ್ಟೆ. ಬಟ್ಟೆ ಅದ್ದಲು ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಮಣ್ಣು ಬಿಟ್ಟು ಇನ್ನೊಂದರಲ್ಲಿ ಶಾಂಪೂ ತೆಗೆದುಕೊಂಡರೆ ಬಣ್ಣದ ಮೇಲೆ ಜೇಡರ ಬಲೆಯಂಥ ಗೀರುಗಳು ಬಹಳ ಮಟ್ಟಿಗೆ ತಪ್ಪುತ್ತವೆ. ಇದರಲ್ಲಿ ಪವಾಡವಿಲ್ಲ, ಅದಕ್ಕೇ ಫೋಟೊ ಚೆನ್ನಾಗಿ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಬರೆದಿದ್ದ ರಿವ್ಯೂ ತೆರೆದು ನೋಡಿದೆ. 'ಈ ರಿವ್ಯೂ ಉಪಯುಕ್ತವಾಯಿತು' ಎಂದು 14 ಜನ ಒತ್ತಿದ್ದರು. ಅದನ್ನು ನೋಡಿದಾಗ ಆದ ಸಂಕಟ ಆ ಭಾನುವಾರವೂ ಆಗಿರಲಿಲ್ಲ. ಹದಿನಾಲ್ಕು ಜನರಲ್ಲಿ ಯಾರೋ ಒಬ್ಬರು ತಮ್ಮಪ್ಪನ ಕಾರಿಗೆಂದು ಅದನ್ನು ತರಿಸಿರುತ್ತಾರೆ. ನನ್ನ ಮಾತು ನಂಬಿ, ತಂಗಿ ತೆಗೆದ ಫೋಟೊ ನೋಡಿ. ಬಾಟಲಿಯವರು ಅರ್ಧ ನಿಜ ಹೇಳಿದರು ಎಂದು ಇಷ್ಟುದ್ದ ದೂರಿದೆನಲ್ಲ, ಉಳಿದರ್ಧವನ್ನು ₹100ಕ್ಕೆ ಮಾರಿದವನು ನಾನು. ಐದು ಸ್ಟಾರನ್ನು ಒಂದಕ್ಕೆ ಇಳಿಸಿ, ಎರಡು ತೊಳೆತದ ನಂತರ ತೆಗೆದ ಗೀರಿನ ಫೋಟೊ ಹಾಕಿ, ₹100 ಪಡೆದದ್ದನ್ನೂ ಬರೆದೆ. ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬಂತು, ಯಾಕೆ ಸರ್ ಚೇಂಜ್ ಮಾಡಿದ್ರಿ, ಇನ್ನೊಂದು ಪೀಸ್ ಫ್ರೀಯಾಗಿ ಕಳಿಸುತ್ತೇವೆ ಎಂದು. ಬೇಡ ಎಂದೆ. ₹100 ಹಿಂದಕ್ಕೆ ಕಳಿಸಲು ಯುಪಿಐ ನಂಬರ್ ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಗಿರಣಿಯ ಹೊಸ ಮೋಟಾರಿಗೆ ಪೂಜೆ ಮಾಡಿ, ಹೂವು ಹಣ್ಣು ತರಲು ಅಪ್ಪನೂ ನಾನೂ ಬೈಕಿನಲ್ಲಿ ಶಿರಾಕ್ಕೆ ಹೋದೆವು. ರಸ್ತೆ ತುಂಬ ಬಾಳೆಕಂದು ಕಟ್ಟಿದ ಗಾಡಿಗಳು, ಒಡೆದ ಬೂದುಗುಂಬಳಕಾಯಿ. ಮಾರ್ಕೆಟ್ ಹತ್ತಿರ ನಮ್ಮ ಕಡುನೀಲಿ ಕಾರು ನಿಂತಿತ್ತು. ತೊಳೆದು, ವಿಭೂತಿ ಕುಂಕುಮ ಹಚ್ಚಿ, ಬಾನೆಟ್ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ್ದರು. ಹಾರ ಸರಿಯಾಗಿ ಆ ಕಲೆಯ ಮೇಲೆ ಬಿದ್ದಿತ್ತು. ಬೇಕೆಂದೇ ಹಾಕಿದ್ದೋ, ತಾನಾಗಿ ಬಿದ್ದದ್ದೋ.

ಅಪ್ಪ ಬೈಕ್ ನಿಧಾನ ಮಾಡಿದರು.

'ಚೆನ್ನಾಗ್ ಇಟ್ಕೊಂಡವ್ರೆ ಕಣೋ' ಎಂದು, ಗೇರ್ ಹಾಕಿ ಮುಂದೆ ಹೋದರು.